ಕಾಗೆ ಕಾಲು ಗುಬ್ಬಿ ಕಾಲು

ಕಿಂಡಿಯ ಹಲಗೆಯ ಮೇಲೆ ಪೆನ್ನಿನ ತುದಿ ಒಂದು ಸಲ ಬಡಿಯಿತು. ಒಂದೇ ಸಲ. ಅವನು ಕೈಯಲ್ಲಿದ್ದ ಗಾಜನ್ನು ಹಾಗೇ ಹಿಡಿದುಕೊಂಡು ಎರಡನೆಯದಕ್ಕೆ ಕಾದ, ಬರಲಿಲ್ಲ. ನಾಲ್ಕು ದಿನದಿಂದ ಬಾರದ್ದು ಇವತ್ತು ಯಾಕೆ ಬರಬೇಕು ಎಂದು ತನಗೆ ತಾನೇ ಹೇಳಿಕೊಂಡ, ಆದರೂ ಕಾದದ್ದಕ್ಕೆ ನಾಚಿಕೆಯಾಯಿತು. ಅಂಗಡಿ ತೆರೆದ ದಿನದಿಂದ, ಅಂದರೆ ಹದಿನಾರು ವರ್ಷದಿಂದ, ಅದು ಎರಡು ಸಲ ಬಡಿದು, ಅದರ ಹಿಂದೆಯೇ 'ಬಂತು ನೋಡಿ' ಎಂಬ ಅವಳ ದನಿಯೂ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಗಿರಾಕಿಯ ಕಣ್ಣು ಪರೀಕ್ಷೆ ಮಾಡಿ, ನಂಬರುಗಳನ್ನು ಚೀಟಿಯಲ್ಲಿ ಬರೆದು, ಗೋಡೆಯ ಕಿಂಡಿಯಿಂದ ಒಳಗೆ ತಳ್ಳುವಳು. ಹಿಂದಿನ ಕೋಣೆಯಲ್ಲಿ ಅವನು ಚೀಟಿ ನೋಡಿಕೊಂಡು ಗಾಜು ಉಜ್ಜಿ, ಅಂಚು ತಿದ್ದಿ, ಫ್ರೇಮಿಗೆ ಕೂರಿಸುವನು. ಕನ್ನಡಕ ಅಂದರೆ ಅವರಿಬ್ಬರ ನಡುವೆ ಇಷ್ಟೇ. ಗಿರಾಕಿಗಳು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ, ತಾನು ಡಾಕ್ಟರಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ. ಅವನನ್ನು 'ಒಳಗಿನವರು' ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಒಳಗಿನವರು ಅಂದರೆ ಹೆಂಡತಿ, ಈ ಅಂಗಡಿಯಲ್ಲಿ ಗಂಡ. ಈ ಮಾತಿಗೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಪೆಟ್ಟು ಅಷ್ಟಾಗಿ ತಾಗುವುದಿಲ್ಲ ಎಂದು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ. ನಾಲ್ಕು ದಿನದ ಹಿಂದಿನ ಎಡವಟ್ಟಿಗೂ ಈ ನಗುವ ಚಟವೇ ಕಾರಣ ಎಂದು ಈಗ ಅನ್ನಿಸುತ್ತಿತ್ತು.

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಹದಿನಾರು ವರ್ಷದಲ್ಲಿ ಅವರು ಆಡದ ಜಗಳವಿರಲಿಲ್ಲ. ಸೋರುವ ನಲ್ಲಿಯ ಜಗಳ, ಅವನ ಅಕ್ಕ ಹೇಳದೆ ಕೇಳದೆ ಬಂದು ಎಂಟು ದಿನ ಉಳಿದ ಜಗಳ, ಹಾಸಿಗೆಯ ಯಾವ ಮಗ್ಗುಲಿಗೆ ಕಿಟಕಿ ಇರಬೇಕೆಂಬ ಜಗಳ. ಅವೆಲ್ಲಕ್ಕೂ ಒಂದು ರೀತಿ ನೀತಿ ಇತ್ತು. ಒಂದು ಪಾತ್ರೆ ಸದ್ದಾಗುತ್ತಿತ್ತು, ಒಂದು ಬಾಗಿಲು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚುತ್ತಿತ್ತು, ಬೆಳಗಾದ ಮೇಲೆ ಇಬ್ಬರಿಗೂ ಮಗಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿಯಲ್ಲಿ ಸಿಟ್ಟು ಎಲ್ಲಿಟ್ಟಿದ್ದೆವೆಂದೇ ಮರೆತುಹೋಗುತ್ತಿತ್ತು. ಈ ಸಲ ಪಾತ್ರೆ ಸದ್ದಾಗಿಲ್ಲ. ಮಾತು ಬಿಟ್ಟಿದ್ದಾಳೆ ಎನ್ನೋಣವೆಂದರೆ ಬಿಟ್ಟೂ ಇಲ್ಲ. ಊಟ ಬಡಿಸಲೇ ಎಂದು ಕೇಳುತ್ತಾಳೆ, ನಾಳೆ ಶಾಲೆಯ ಸಭೆಗೆ ಯಾರು ಹೋಗುವುದೆಂದು ಕೇಳುತ್ತಾಳೆ, ಛತ್ರಿ ಬಾಗಿಲ ಹಿಂದಿದೆ ಎಂದು ಹೇಳುತ್ತಾಳೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಮಾತನಾಡುವ ಹಾಗೆ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. 'ರೀ' ಮಾತ್ರ ಹೋಗಿತ್ತು. ಅಷ್ಟು ಚಿಕ್ಕ ಮಾತು ಇಲ್ಲವಾದರೆ ಮನೆ ಇಷ್ಟು ಬಿಕೋ ಎನ್ನುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಿನ್ನೆ ಸ್ನಾನದ ಮನೆಯಿಂದ ಯಾರೋ 'ರೀ' ಎಂದಂತಾಗಿ, ಟವಲ್ಲು ಹಿಡಿದು ಓಡಿಹೋಗಿ ನೋಡಿದರೆ ಪಕ್ಕದ ಮನೆಯ ರೇಡಿಯೋ.

ಆದದ್ದು ಇಷ್ಟು. ಮನೆ ಕಟ್ಟುವ ಮೇಸ್ತ್ರಿಯೊಬ್ಬ, ಸುಣ್ಣ ಸಿಮೆಂಟು ಮೆತ್ತಿದ ಕೈಗಳವನು, ಕನ್ನಡಕ ಮಾಡಿಸಿಕೊಂಡು ಹೋಗಿ ವಾರಕ್ಕೇ ವಾಪಸ್ಸು ಬಂದ. ಇದನ್ನು ಹಾಕಿಕೊಂಡರೆ ನೇರ ಇರುವುದೆಲ್ಲ ಓರೆಯಾಗಿ ಕಾಣುತ್ತದೆ ಎಂದ. ದಾರಕ್ಕೆ ಗುಂಡು ಕಟ್ಟಿ ಗೋಡೆಗೆ ಹಿಡಿದರೆ ಗುಂಡು ನೇರ ಎನ್ನುತ್ತದೆ, ಕಣ್ಣು ಓರೆ ಎನ್ನುತ್ತದೆ. ಹೊಸ ಕನ್ನಡಕವಲ್ಲವೇ, ಕಣ್ಣೇ ಸರಿಯಿರಬೇಕೆಂದುಕೊಂಡು ಕಟ್ಟಿದ್ದ ನಾಲ್ಕು ಸಾಲು ಇಟ್ಟಿಗೆ ಕಿತ್ತು ಮತ್ತೆ ಕಟ್ಟಿದನಂತೆ. ಮನೆಯ ಯಜಮಾನ ಬಂದು ನೋಡಿ ಎಲ್ಲರೆದುರು ಉಗಿದನಂತೆ. ಮೂವತ್ತು ವರ್ಷದ ಕಸುಬು ಸ್ವಾಮಿ, ಒಂದು ಗೋಡೆ ಓರೆ ಮಾಡಿಲ್ಲ, ಎಂದು ಮೇಸ್ತ್ರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಗಲಾಟೆ ಕೇಳಿ ಅವನು ಒಳಗಿನಿಂದ ಬಂದ. ಗಾಜನ್ನು ಯಂತ್ರಕ್ಕೆ ಹಿಡಿದು ನೋಡಿದಾಗ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಗಾಜನ್ನು ಯಾವ ಕೋನಕ್ಕೆ ತಿರುಗಿಸಿ ಕೂರಿಸಬೇಕೆಂದು ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅವಳು ಬರೆದದ್ದು ನೂರ ಅರವತ್ತು, ಅವನು ಕೂರಿಸಿದ್ದು ನೂರ ಎಂಬತ್ತಕ್ಕೆ. ಆರು ಅವನಿಗೆ ಎಂಟಾಗಿ ಕಂಡಿತ್ತು. ಮೇಸ್ತ್ರಿ ಅವನನ್ನೇ ನೋಡುತ್ತಿದ್ದ, ಅವಳೂ ನೋಡುತ್ತಿದ್ದಳು, ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರೂ ನೋಡುತ್ತಿದ್ದರು. ಆಗ ಅವನ ಬಾಯಿ ಅವನನ್ನು ಕೇಳದೆಯೇ ನಕ್ಕಿತು.

"ಚೀಟೀಲಿ ಎಂಟು ಇದ್ದ ಹಾಗಿತ್ತು. ಇವಳ ಅಕ್ಷರ ನೋಡ್ಬೇಕು ನೀವು, ಕಾಗೆ ಕಾಲು ಗುಬ್ಬಿ ಕಾಲು."

ಮೇಸ್ತ್ರಿಯೂ ನಕ್ಕ. ಗಂಡಸರಿಬ್ಬರು ಹೆಂಗಸೊಬ್ಬಳ ಅಕ್ಷರದ ಮೇಲೆ ನಗುವುದು ಎಷ್ಟು ಸಲೀಸು, ಮೇಸ್ತ್ರಿಯ ನಾಲ್ಕು ಸಾಲು ಇಟ್ಟಿಗೆಯ ಅವಮಾನ ಅರ್ಧ ಇಳಿದೇಹೋಯಿತು. ಅವಳು ಮೇಸ್ತ್ರಿಯ ಕಡೆ ತಿರುಗಿ, ತಪ್ಪಾಯಿತು, ನಾಲ್ಕು ದಿನದಲ್ಲಿ ಬೇರೆ ಗಾಜು ಹಾಕಿ ಕೊಡುತ್ತೇವೆ ಎಂದಳು. ತಪ್ಪಾಯಿತು ಎಂದಳು! ಅವನು ಒಳಗೆ ಬಂದವನೇ ಆ ಚೀಟಿಯನ್ನು ಹುಡುಕಿ ಮಡಿಸಿ ಅಂಗಿಯ ಜೇಬಿಗೆ ಸೇರಿಸಿದ. ಅವಳು ಎಲ್ಲಿ ಕೇಳಿಬಿಡುತ್ತಾಳೋ ಎಂದು ದಿನವಿಡೀ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ. ಅವಳು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದ, ಸಿಕ್ಕಿಬೀಳುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮುಗಿಯುತ್ತಿತ್ತು. ಕೇಳದೇ ಇದ್ದುದರಿಂದ ಆ ಚೀಟಿ ನಾಲ್ಕು ದಿನದಿಂದ ಅಂಗಿಯಿಂದ ಅಂಗಿಗೆ ವರ್ಗವಾಗುತ್ತ ಅವನ ಜೊತೆಯಲ್ಲೇ ಓಡಾಡುತ್ತಿತ್ತು.

ಹಲಗೆಯ ಮೇಲೆ ಬಿದ್ದಿದ್ದ ಹೊಸ ಚೀಟಿಯನ್ನು ಎತ್ತಿಕೊಂಡು ಅವನು ಅಭ್ಯಾಸದಂತೆ ತೋಳು ಚಾಚಿದ. ಅಕ್ಷರಗಳು ಮಂಜಾಗಿ, ಇನ್ನೂ ಚಾಚಿದರೆ ಸ್ವಲ್ಪ ತಿಳಿಯಾಗಿ, ಅಷ್ಟರಲ್ಲಿ ತೋಳು ಮುಗಿದುಹೋಯಿತು. ಬಾಗಿಲ ಕಡೆ ಒಂದು ಸಲ ನೋಡಿ, ಸಲಕರಣೆಯ ಪೆಟ್ಟಿಗೆಯಲ್ಲಿ ಒರೆಸುವ ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದ ಕನ್ನಡಕ ತೆಗೆದು ಮೂಗಿಗೇರಿಸಿದ. ಮುಂದಿನ ಕೋಣೆಯ ಸ್ಟ್ಯಾಂಡಿನಿಂದ ಅವನೇ ಕದ್ದ ಓದುವ ಕನ್ನಡಕ ಅದು. ತನ್ನ ಅಂಗಡಿಯಲ್ಲಿ ತಾನೇ ಕನ್ನಡಕ ಕದಿಯುವ ಕನ್ನಡಕದವನು ಲೋಕದಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ನಗು ಬಂದರೂ ಅದು ತುಟಿಯವರೆಗೆ ಬರಲಿಲ್ಲ. ಮೇಸ್ತ್ರಿಯ ಗಾಜು ಮಾಡಿದ ದಿನ ಗಡಿಬಿಡಿ, ಅವಳು ಪದೇ ಪದೇ ಒಳಗೆ ಬಂದು ಹೋಗುತ್ತಿದ್ದಳು, ಇದನ್ನು ತೆಗೆಯುವ ಧೈರ್ಯವಾಗಿರಲಿಲ್ಲ. ಹೇಳಿಬಿಟ್ಟರೆ ಏನಾಗುತ್ತಿತ್ತು? ನಲವತ್ತೈದು ದಾಟಿದ ಮೇಲೆ ಹತ್ತಿರದ್ದು ಕಾಣದಿರುವುದು ಕೂದಲು ನೆರೆತಷ್ಟೇ ಸಹಜ ಎಂದು ಅವಳು ದಿನಕ್ಕೆ ಹತ್ತು ಜನಕ್ಕೆ ಹೇಳುವುದನ್ನು ಕಿಂಡಿಯಲ್ಲಿ ಕೇಳಿಸಿಕೊಳ್ಳುತ್ತಲೇ ಇದ್ದ. ಆದರೆ ಅವನಿಗೆ ಕೆಲಸ ಕಲಿಸಿದ ಮುದುಕ ಎಪ್ಪತ್ತರಲ್ಲೂ ಬರಿಗಣ್ಣಿನಲ್ಲಿ ಕೂದಲೆಳೆಯಷ್ಟು ಗೀರು ಹುಡುಕುತ್ತಿದ್ದ. ಮದುವೆಗೆ ಮುಂಚೆ, ಅವಳು ಇನ್ನೂ ಓದುತ್ತಿದ್ದಾಗ, ಅಭ್ಯಾಸಕ್ಕೆಂದು ನಿಮ್ಮ ಕಣ್ಣು ನೋಡಲೇ ಎಂದು ಕೇಳಿದ್ದಳು. ನನ್ನದು ಹದ್ದಿನ ಕಣ್ಣು, ನಿನ್ನ ಕುರ್ಚಿಯಲ್ಲಿ ಕೂರುವ ಪ್ರಸಂಗವೇ ಬರುವುದಿಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದ. ಅವಳು ಆ ಹದ್ದನ್ನೇ ನಂಬಿ ಮದುವೆಯಾದಳೋ ಏನೋ ಎಂಬ ಹುಚ್ಚು ಭಯ ಅವನಿಗೆ.

ಹೊಸ ಚೀಟಿಯಲ್ಲಿ ನಂಬರುಗಳಿರಲಿಲ್ಲ. ಅಂಚೆ ಕಚೇರಿಯ ಗುಮಾಸ್ತೆಯೊಬ್ಬರು ತಮ್ಮ ಕನ್ನಡಕದ ಮೇಲೆ ತಾವೇ ಕೂತುಬಿಟ್ಟಿದ್ದರು. ಕಣ್ಣು ಬದಲಾಗಿಲ್ಲ, ಒಂದೂವರೆ ವರ್ಷದ ಹಿಂದಿನ ನಂಬರೇ ಸಾಕು, ಹಳೆಯ ಚೀಟಿ ನೋಡಿಕೊಳ್ಳಿ ಎಂದು ಬರೆದಿದ್ದಳು. ಹಳೆಯ ಚೀಟಿಗಳೆಲ್ಲ ಮರದ ತುಂಡಿಗೆ ಹೊಡೆದ ಉದ್ದನೆಯ ಮೊಳೆಗೆ ಒಂದರ ಮೇಲೊಂದು ಚುಚ್ಚಿಕೊಂಡು ಕಪಾಟಿನ ಮೇಲಿದ್ದವು. ಅದನ್ನು ಇಳಿಸುತ್ತಿದ್ದಾಗ ಗಡಿಯಾರ ಕಣ್ಣಿಗೆ ಬಿತ್ತು. ಎರಡೂ ಕಾಲು. ಐದಕ್ಕೆ ಇನ್ನು ಎರಡೂ ಮುಕ್ಕಾಲು ಗಂಟೆ.

ಐದು ಗಂಟೆಯ ವಿಷಯ ಅವನಿಗೆ ಗೊತ್ತಿರಬಾರದ ವಿಷಯ. ಮೊನ್ನೆ ಕಿಂಡಿಯಲ್ಲಿ ಕಿವಿಗೆ ಬಿದ್ದದ್ದು. ದೊಡ್ಡ ರಸ್ತೆಯಲ್ಲಿ ನಾಲ್ಕು ಮಹಡಿಯ ಆಸ್ಪತ್ರೆಯೊಂದಿದೆ, ಅಲ್ಲಿ ಕಣ್ಣು ಪರೀಕ್ಷೆಯ ವಿಭಾಗವನ್ನು ನೋಡಿಕೊಳ್ಳಲು ಅವಳನ್ನು ಕರೆಯುತ್ತಿದ್ದಾರೆ. ಫೋನಿನಲ್ಲಿ ಅವಳು, ಯೋಚನೆ ಮಾಡಬೇಕು, ಗುರುವಾರ ಸಂಜೆ ಐದರೊಳಗೆ ಹೇಳುತ್ತೇನೆ ಎಂದಿದ್ದಳು. ಯೋಚನೆ ಮಾಡಬೇಕು ಎಂದಳೇ ಹೊರತು ಮನೆಯಲ್ಲಿ ಕೇಳಬೇಕು ಎನ್ನಲಿಲ್ಲ. ಆ ಒಂದು ವಾಕ್ಯ ಅವನನ್ನು ಎರಡು ದಿನದಿಂದ ಗೆದ್ದಲಿನ ಹಾಗೆ ತಿನ್ನುತ್ತಿತ್ತು. ಅವಳು ಹೋದರೆ ಅಂಗಡಿ ಮುಚ್ಚುವುದಿಲ್ಲ, ಬೇರೆ ಯಾರನ್ನಾದರೂ ಕೂರಿಸಿಕೊಳ್ಳಬಹುದು. ಆದರೆ ಕಿಂಡಿಯ ಆ ಕಡೆ ಬೇರೆ ಯಾರದೋ ಕೈ ಎಂದು ಯೋಚಿಸಲೂ ಅವನಿಂದ ಆಗಿರಲಿಲ್ಲ. ಅಕ್ಕನಿಗೆ ಫೋನು ಮಾಡಿದ್ದ. ಅಕ್ಕ ವಿಷಯ ಪೂರ್ತಿ ಕೇಳುವ ಮೊದಲೇ ಒಂದು ಸೀರೆ ತೆಗೆದುಕೊಡು, ಎಲ್ಲ ಸರಿಹೋಗುತ್ತದೆ ಎಂದಳು. ನಿಮ್ಮ ಭಾವ ಇಪ್ಪತ್ತೆರಡು ಸೀರೆ ಕೊಡಿಸಿದ್ದಾರೆ, ಒಂದು ಸಲವೂ ತಪ್ಪಾಯಿತು ಎಂದಿಲ್ಲ ಎಂದು ಹೆಮ್ಮೆಯಿಂದಲೋ ಸಂಕಟದಿಂದಲೋ ತಿಳಿಯದ ದನಿಯಲ್ಲಿ ಸೇರಿಸಿದಳು. ಇನ್ನು ಮಗಳು. ಹನ್ನೆರಡು ವರ್ಷದವಳು, ಎಲ್ಲ ಗೊತ್ತು, ಏನೂ ಗೊತ್ತಿಲ್ಲದವಳ ಹಾಗೆ ಬ್ರೆಡ್ಡು ತಿನ್ನುತ್ತಾಳೆ. ಶಾಲೆಯಲ್ಲಿ ಕೊಟ್ಟ ಹಾಳೆಯೊಂದನ್ನು ತಂದು ಫ್ರಿಜ್ಜಿಗೆ ಅಂಟಿಸಿದ್ದಳು: ಜಗಳ ಬಗೆಹರಿಸಲು ಐದು ಹೆಜ್ಜೆಗಳು. ಬೆಳಿಗ್ಗೆ ಹಾಲು ತೆಗೆಯುವ ನೆಪದಲ್ಲಿ ಅವನು ಅದನ್ನು ಓದಲು ನೋಡಿದ್ದ. ಮೊದಲು ತಣ್ಣಗಾಗಿ. ಎರಡನೆಯದು, ನಿಮಗೆ ಅನ್ನಿಸಿದ್ದನ್ನು 'ನಾನು' ಎಂದು ಶುರು ಮಾಡಿ ಹೇಳಿ. ಮೂರರಿಂದ ಅಕ್ಷರ ಸಣ್ಣದಾಗಿತ್ತು. ಹಿಂದೆ ಸರಿದು ಸರಿದು ಓದಲು ನೋಡಿ ಬೆನ್ನು ಬಾಗಿಲಿಗೆ ತಾಗಿತೇ ಹೊರತು ಮೂರನೆಯ ಹೆಜ್ಜೆ ಕಾಣಲಿಲ್ಲ.

ಚೀಟಿಗಳನ್ನು ಹೆಬ್ಬೆರಳಿನಲ್ಲಿ ಮೇಲಕ್ಕೆ ಸರಿಸುತ್ತ ಅವನು ಒಂದೂವರೆ ವರ್ಷದ ಹಿಂದಕ್ಕೆ ಹೋದ. ಗುಮಾಸ್ತೆಯ ಚೀಟಿ ಸಿಕ್ಕಿತು. ಕದ್ದ ಕನ್ನಡಕದಲ್ಲೂ ಅದನ್ನು ಓದಲು ಕಿಟಕಿಯ ಬಳಿಗೆ ಹೋಗಬೇಕಾಯಿತು. ಸಾಸಿವೆ ಕಾಳಿನಂಥ ಅಂಕಿಗಳು, ಒಂದು ಗೆರೆಯ ಮೇಲೆ ನೆಟ್ಟಗೆ ನಿಂತಿದ್ದವು, ಎರಡು ಕಣ್ಣಿನ ನಂಬರೂ ಒಂದೇ ಸಾಲಿನಲ್ಲಿ ಮುಗಿದು ಪಕ್ಕದಲ್ಲಿ ಇನ್ನೂ ಜಾಗ ಉಳಿದಿತ್ತು. ಅವಳ ಅಕ್ಷರ ಹೀಗಿತ್ತಲ್ಲವೇ ಎಂದು ಅವನಿಗೆ ನೆನಪಾಯಿತು. ಮದುವೆಗೆ ಮುಂಚಿನ ಕಾಗದಗಳಲ್ಲಿ ಒಂದು ಪುಟದಲ್ಲಿ ಮೂರು ಪುಟದಷ್ಟು ಬರೆಯುತ್ತಿದ್ದಳು. ಕಾಗದ ಉಳಿಸುತ್ತೀಯಾ ಎಂದು ಅವನು ಛೇಡಿಸಿದ್ದ. ಮತ್ತೆ ಇವತ್ತಿನ ಚೀಟಿ? ಕೈಯಲ್ಲಿದ್ದುದನ್ನು ಪಕ್ಕಕ್ಕೆ ಹಿಡಿದ. ಇವತ್ತಿನ ಅಕ್ಷರಗಳು ಹುರುಳಿಕಾಳಿನಷ್ಟಲ್ಲ, ಗೋಲಿಯಷ್ಟು ದಪ್ಪಗೆ, ಗೆರೆಗಳನ್ನು ಲೆಕ್ಕಿಸದೆ, ಒಂದು ಸಾಲಿನ ಜಾಗದಲ್ಲಿ ಹಿಡಿಸದೆ ಮೂರು ಸಾಲು ತುಂಬಿದ್ದವು. ಎರಡೂ ಒಂದೇ ಕೈ ಬರೆದದ್ದೆಂದರೆ ಯಾರೂ ನಂಬಲಿಕ್ಕಿಲ್ಲ. ಅವನು ಮೊಳೆಯಿಂದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ತಿಂಗಳಿಗೊಂದರಂತೆ ಮೇಜಿನ ಮೇಲೆ ಸಾಲಾಗಿ ಇಟ್ಟ. ಹೋದ ವರ್ಷ ಮಗಳ ಪರೀಕ್ಷೆಯ ಹೊತ್ತಿನವರೆಗೆ ಸಾಸಿವೆ. ಆ ತಿಂಗಳೇ ಅವನು ಪೇಪರಿನ ಮಡಿಕೆಯನ್ನು ಮಗಳ ಕೈಗೆ ಕೊಟ್ಟು, ನಿನ್ನ ಉಚ್ಚಾರ ತಿದ್ದಬೇಕು, ಓದು ಎನ್ನತೊಡಗಿದ್ದು. ಆ ತಿಂಗಳಿಂದ ಅಂಕಿ ಒಂದು ನೂಲು ದೊಡ್ಡದಾಗಿತ್ತು. ಮುಂದಿನ ತಿಂಗಳು ಇನ್ನೊಂದು ನೂಲು. ಆಮೇಲೆ ಅವಳು ನೀಲಿ ಪೆನ್ನು ಬಿಟ್ಟು ಕಪ್ಪು ಪೆನ್ನು ಹಿಡಿದಿದ್ದಳು. ಆಮೇಲೆ ತೆಳು ಮೊನೆ ಬಿಟ್ಟು ದಪ್ಪ ಮೊನೆ. ಹದಿನಾಲ್ಕು ಚೀಟಿ, ಹದಿನಾಲ್ಕು ತಿಂಗಳು, ಅವನ ಕಣ್ಣು ಒಂದು ಹೆಜ್ಜೆ ಹಿಂದೆ ಸರಿದಾಗಲೆಲ್ಲ ಅವಳ ಅಕ್ಷರ ಒಂದು ಹೆಜ್ಜೆ ಮುಂದೆ ಬಂದಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಜೇಬಿನ ಚೀಟಿಯನ್ನು ತೆಗೆದು ಸಾಲಿನ ಕೊನೆಯಲ್ಲಿಟ್ಟ. ನಾಲ್ಕು ದಿನ ಅದನ್ನು ಹೊತ್ತು ತಿರುಗಿದ್ದನೇ ಹೊರತು ಕನ್ನಡಕ ಹಾಕಿಕೊಂಡು ಒಂದು ಸಲವೂ ನೋಡಿರಲಿಲ್ಲ. ನೂರ ಅರವತ್ತು. ಆರರ ಹೊಟ್ಟೆ ದುಂಡಗೆ, ಬಾಲ ಮೇಲಕ್ಕೆ, ಒಂದನೆಯ ತರಗತಿಯ ಮಗುವಿಗೆ ತೋರಿಸಲು ಬರೆದ ಹಾಗಿತ್ತು. ಅದರ ಕೆಳಗೆ ಅನುಮಾನ ಬೇಡವೆಂದು ಒಂದು ಗೆರೆ ಬೇರೆ ಎಳೆದಿದ್ದಳು. ಇದನ್ನು ಅವನು ಕಾಗೆ ಕಾಲು ಎಂದಿದ್ದ. ಬೆಂಚಿನವರು ಕೇಳುವ ಹಾಗೆ ಎಂದಿದ್ದ. ನಾಚಿಕೆ ಕಿವಿಯ ತುದಿಯಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು, ಮತ್ತೆ ಅದರ ಹಿಂದೆಯೇ, ಹೇಗೆ ಹೇಳುವುದು, ಒಂದು ಸಂತೋಷವೂ ಬಂತು. ಇಷ್ಟು ದಿನ ಯಾರೋ ತನ್ನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದಾರೆ ಎಂಬ ಸಂತೋಷ. ಎರಡೂ ಒಟ್ಟಿಗೆ ಬಂದದ್ದರಿಂದ ಅಳಬೇಕೋ ನಗಬೇಕೋ ತಿಳಿಯದೆ ಗುಮಾಸ್ತೆಯ ಗಾಜನ್ನು ಎತ್ತಿಕೊಂಡು ಉಜ್ಜಲು ಕೂತ. ಕನ್ನಡಕವನ್ನು ತೆಗೆದಿಡಲು ಮರೆತೇಹೋಗಿತ್ತು. ಆ ಗಾಜಿನಷ್ಟು ನಯವಾದ ಅಂಚು ಅವನ ಕೈಯಲ್ಲಿ ಒಂದು ವರ್ಷದಿಂದ ಬಂದಿರಲಿಲ್ಲ.

ನಾಲ್ಕು ಗಂಟೆಗೆ ಮೇಸ್ತ್ರಿ ಬಂದ. ಒಳಗಿದ್ದ ಅವನು ಹೊಸ ಗಾಜು ಹಾಕಿದ ಕನ್ನಡಕವನ್ನು ಕಿಂಡಿಯಲ್ಲಿ ಆಚೆ ಸರಿಸಿ ಅಲ್ಲೇ ನಿಂತ. ಮೇಸ್ತ್ರಿ ಅದನ್ನು ಹಾಕಿಕೊಂಡು ಬಾಗಿಲಿನ ಚೌಕಟ್ಟು ನೋಡಿದ, ಎದುರಿನ ದೀಪದ ಕಂಬ ನೋಡಿದ, ನಂಬಿಕೆ ಸಾಲದೆ ಚೀಲದಿಂದ ದಾರದ ಗುಂಡು ತೆಗೆದು ಅಂಗಡಿಯ ಗೋಡೆಗೇ ಹಿಡಿದ. ಗುಂಡೂ ಕಣ್ಣೂ ಒಂದೇ ಮಾತು ಹೇಳಿದವು. ಗೋಡೆ ಅರ್ಧ ಬೆರಳು ಓರೆಯಿದೆ, ಇದು ನನ್ನ ಕೆಲಸವಲ್ಲ ಎಂದು ತೃಪ್ತಿಯಿಂದ ಹೇಳಿ ಗುಂಡನ್ನು ಚೀಲಕ್ಕೆ ಹಾಕಿಕೊಂಡ. ಹೊರಡುವಾಗ, ಕೆಟ್ಟ ಮನುಷ್ಯನಲ್ಲ, ಒಳ್ಳೆಯದಾಗಲೆಂದೇ, ಮಗಳಿಗೆ ಹೇಳುವ ದನಿಯಲ್ಲಿ ಅವಳಿಗೆ ಹೇಳಿದ.

"ಅಕ್ಷರ ಒಂಚೂರು ನೋಡಿ ಬರೀರಿ ಅಮ್ಮಾ. ಒಳಗಿನವರು ಪಾಪ ಅದನ್ನೇ ನಂಬ್ಕೊಂಡು ಮಾಡ್ಬೇಕಲ್ಲ."

"ಆಯ್ತು, ನೋಡಿ ಬರೀತೀನಿ," ಎಂದಳು ಅವಳು.

ಕಿಂಡಿಯಲ್ಲಿ ಅವನಿಗೆ ಅವಳ ಕೈ ಮಾತ್ರ ಕಾಣುತ್ತಿತ್ತು. ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿತು. ಅವನು ಮೇಸ್ತ್ರಿಯ ಚೀಟಿಯನ್ನು ಮೇಜಿನಿಂದ ಎತ್ತಿಕೊಂಡು, ಬಾಗಿಲು ದೂಡಿಕೊಂಡು ಮುಂದಿನ ಕೋಣೆಗೆ ಬಂದ. ಬರುವಾಗ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಎರಡನೆಯ ಹೆಜ್ಜೆ ಮಾತ್ರ ತಲೆಯಲ್ಲಿತ್ತು, 'ನಾನು' ಎಂದು ಶುರು ಮಾಡಬೇಕು.

"ನಾನು ಸುಳ್ಳು ಹೇಳ್ದೆ ಮೇಸ್ತ್ರಿ. ಅವಳ ಅಕ್ಷರ ಸರಿಯಾಗೇ ಇತ್ತು, ನೋಡಿ ಇಲ್ಲಿ. ನನ್ನ ಕಣ್ಣು ಕಾಣಲ್ಲ. ಒಂದು ವರ್ಷದಿಂದ ಕಾಣಲ್ಲ."

ಚೀಟಿಯನ್ನು ಮೇಸ್ತ್ರಿಯ ಮುಂದೆ ಹಿಡಿದ. ಮೇಸ್ತ್ರಿ ಹೊಸ ಕನ್ನಡಕದಲ್ಲಿ ಆ ಆರನ್ನು ನೋಡಿದ, ಮೂಗಿನ ಮೇಲೆ ಕದ್ದ ಕನ್ನಡಕ ಹಾಕಿಕೊಂಡು ನಿಂತ ಅವನನ್ನು ನೋಡಿದ, ಕನ್ನಡಕದವರಿಗೇ ಕಣ್ಣು ಕಾಣಿಸುವುದಿಲ್ಲವೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಅವನು ಜೊತೆಗೆ ನಗಲಿಲ್ಲ. ನಗಿಸಿಕೊಂಡು ಸುಮ್ಮನೆ ನಿಂತ. ಅದೇನು ಅಷ್ಟು ಕಷ್ಟವಾಗಲಿಲ್ಲ ಎಂದು ಆಶ್ಚರ್ಯವಾಯಿತು. ಮೇಸ್ತ್ರಿ ನಗು ಮುಗಿಸಿ, ಕಣ್ಣೊರೆಸಿಕೊಂಡು, ಅಮ್ಮನವರೇ ತಪ್ಪು ತಿಳಿಯಬೇಡಿ ಎಂದು ಅವಳಿಗೆ ಕೈ ಮುಗಿದು ಹೋದ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಅವಳು ಪರೀಕ್ಷೆಯ ಕುರ್ಚಿಯನ್ನು ಕಾಲಿನಿಂದ ಸ್ವಲ್ಪ ಈಚೆಗೆ ತಿರುಗಿಸಿ, ಅದರ ಕೈಯನ್ನು ಬಟ್ಟೆಯಿಂದ ಒರೆಸಿದಳು. ಹದಿನಾರು ವರ್ಷ ಅದಕ್ಕೆ ಸ್ಕ್ರೂ ಬಿಗಿದಿದ್ದ, ಚಕ್ರಕ್ಕೆ ಎಣ್ಣೆ ಬಿಟ್ಟಿದ್ದ, ಕೂತಿರಲಿಲ್ಲ. ಕೂತ.

ಕದ್ದ ಕನ್ನಡಕವನ್ನು ತೆಗೆದು ಅವನ ಕೈಗೆ ಕೊಟ್ಟು, ಗಾಜು ಬದಲಿಸಿ ಬದಲಿಸಿ ನೋಡುವ ಭಾರದ ಫ್ರೇಮನ್ನು ಅವಳು ಅವನ ಮೂಗಿನ ಮೇಲಿಟ್ಟಳು. ಅವಳ ಬೆರಳು ಕಿವಿಗೆ ತಾಗಿತು, ನಾಲ್ಕು ದಿನದ ಮೇಲೆ. ಕೈಗೆ ಓದುವ ಪಟ್ಟಿ ಕೊಟ್ಟು, ಮಡಿಲಿನಲ್ಲಿ ಹಿಡಿಯಿರಿ, ತೋಳು ಚಾಚುವಂತಿಲ್ಲ ಎಂದಳು. ಮೊದಲನೆಯ ಸಾಲು ಓದಿದ. ಎರಡನೆಯದನ್ನೂ ಓದಿದ. ಮೂರನೆಯದು ಮಸುಕಾಗಿತ್ತು, ಆದರೆ ಆ ಪಟ್ಟಿಯನ್ನು ಕಿಂಡಿಯಲ್ಲಿ ಸಾವಿರ ಸಲ ಕೇಳಿ ಅವನಿಗೆ ಬಾಯಿಪಾಠವಾಗಿತ್ತು, ಸರಾಗವಾಗಿ ಹೇಳಿಬಿಟ್ಟ.

"ಬಾಯಿಪಾಠ ಒಪ್ಪಿಸ್ಬೇಡಿ," ಎಂದಳು. "ಕಂಡಿದ್ದು ಹೇಳಿ. ಕಾಣ್ದಿದ್ರೆ ಕಾಣಲ್ಲ ಅನ್ನಿ. ಇಲ್ಲಿ ಯಾರೂ ಬೈಯಲ್ಲ."

ಎಲ್ಲ ಗಿರಾಕಿಗಳಿಗೂ ಅವಳು ಹೇಳುವ ಮಾತೇ ಅದು. ಎದುರು ಕೂತು ಕೇಳಿಸಿಕೊಂಡಾಗ ಬೇರೆ ಥರ ಇತ್ತು.

"ಕಾಣಲ್ಲ," ಎಂದ.

ಅವಳು ಗಾಜು ಹಾಕಿದಳು, ತೆಗೆದಳು. ಇದು ಚೆನ್ನಾಗಿದೆಯೋ, ಇದೋ? ಮೊದಲನೆಯದೋ, ಎರಡನೆಯದೋ? ಅವನು ಹೇಳುತ್ತ ಹೋದ. ಎಡಗಣ್ಣು ಮುಗಿದು ಬಲಗಣ್ಣಿಗೆ ಬಂದಾಗ ಅವನೇ ಕೇಳಿದ, ಯಾವಾಗಿನಿಂದ ಗೊತ್ತಿತ್ತು ಎಂದು. ನೀವು ಮಗಳ ಉಚ್ಚಾರ ತಿದ್ದಲು ಶುರು ಮಾಡಿದಾಗಿನಿಂದ ಎಂದಳು. ಹೇಳಬಹುದಿತ್ತಲ್ಲ ಎಂದು ಅವನು ಗೊಣಗಿದ.

"ನೀವು ಹೇಳ್ಬಹುದಿತ್ತು." ಗಾಜನ್ನು ಬೆಳಕಿಗೆ ಹಿಡಿದು ಉಫ್ ಎಂದು ಊದಿದಳು. "ನೀವಾಗೇ ಹೇಳ್ತೀರಿ ಅಂತ ಕಾದೆ. ಅಕ್ಷರ ದೊಡ್ಡದು ಮಾಡ್ತಾ ಹೋದೆ. ಇನ್ನೆಷ್ಟು ದೊಡ್ಡದು ಮಾಡ್ಲಿ, ಚೀಟೀಲಿ ಜಾಗಾನೇ ಇಲ್ಲ. ಬಾಯ್ಬಿಟ್ಟು ಕೇಳ್ಬೇಕಿತ್ತು ನಾನೂ. ಅದು ನನ್ನ ತಪ್ಪು."

ಅವಳು ಮತ್ತೊಂದು ಗಾಜು ಹಾಕಿದಳು. ಫ್ರೇಮಿನ ಹಿಂದೆ ಅವನ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದರಲ್ಲಿ ಅವಳ ಗಲ್ಲ ಮಾತ್ರ ಕಾಣುತ್ತಿತ್ತು.

"ಸುಳ್ಳು ಹೇಳಿದ್ದಕ್ಕಲ್ಲ ನಂಗೆ ನೋವಾಗಿದ್ದು. ಅವನ ಜೊತೆ ಸೇರ್ಕೊಂಡು ನಕ್ರಲ್ಲ, ಅದಕ್ಕೆ."

ಸಮಜಾಯಿಷಿಗಳು ಸಾಲುಗಟ್ಟಿ ಬಂದು ಅವನ ನಾಲಿಗೆಯ ತುದಿಯಲ್ಲಿ ನಿಂತವು: ಜನ ಇದ್ದರು, ಗಾಬರಿಯಾಯಿತು, ನಗು ತಾನಾಗಿ ಬಂತು. ಎಲ್ಲವೂ ನಿಜವೇ. ಒಂದನ್ನೂ ಆಚೆ ಬಿಡಲಿಲ್ಲ. ತಪ್ಪಾಯ್ತು ಎಂದ. ಅವತ್ತು ನೀನು ಮೇಸ್ತ್ರಿಗೆ ಹೇಳಿದ್ದು ನಾನು ನಿನಗೆ ಹೇಳಬೇಕಾಗಿದ್ದ ಮಾತು ಎಂದ. ಅವಳು ಗಾಜಿನ ಪೆಟ್ಟಿಗೆಯಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಯಾವ ಗಾಜು ಎಲ್ಲಿದೆಯೆಂದು ಕಣ್ಣು ಮುಚ್ಚಿ ತೆಗೆಯುವ ಕೈ ಅದು, ಹುಡುಕಲು ಏನೂ ಇರಲಿಲ್ಲ.

"ಐದಕ್ಕೆ ಫೋನ್ ಮಾಡ್ಬೇಕಲ್ಲ ನೀನು," ಎಂದ ಅವನು.

"ಕೇಳಿಸ್ಕೊಂಡ್ರಾ?"

"ಕಿಂಡಿ ತೆಗೆದೇ ಇತ್ತು."

"ಮುಚ್ಚೋಕೆ ನಂಗೆ ಬರ್ತಿರ್ಲಿಲ್ವಾ? ಕೇಳ್ಲಿ ಅಂತಲೇ ಬಿಟ್ಟಿದ್ದೆ. ಎರಡು ದಿನ ಆಯ್ತು, ಒಂದು ಮಾತು ಕೇಳ್ತೀರೇನೋ ಅಂತ."

ಹದಿನಾಲ್ಕು ತಿಂಗಳು ಅವಳು ಚೀಟಿಯಲ್ಲಿ ಮಾತನಾಡಿದಳು, ಎರಡು ದಿನ ಕಿಂಡಿಯಲ್ಲಿ. ಅವನು ಒಂದನ್ನು ಓದಲಿಲ್ಲ, ಇನ್ನೊಂದನ್ನು ಕದ್ದು ಕೇಳಿದೆನೆಂದುಕೊಂಡ. ಅಕ್ಕ ಹೇಳಿದ ಸೀರೆಯ ನೆನಪಾಯಿತು, ಸದ್ಯ ಕೊಂಡಿರಲಿಲ್ಲ. ನಿನಗೆ ಹೋಗಬೇಕು ಅನ್ನಿಸುತ್ತಿದೆಯೇ ಎಂದು ಕೇಳಿದ. ಅನ್ನಿಸುತ್ತಿದೆ, ಅಲ್ಲಿ ಹೊಸ ಯಂತ್ರಗಳಿವೆ, ಕಲಿಯುವುದಿದೆ ಎಂದಳು. ಈ ನಾಲ್ಕು ದಿನ ಸಿಟ್ಟಿಗೂ ಹೋಗಬೇಕನ್ನಿಸಿತು, ಯಾವುದು ಸಿಟ್ಟು ಯಾವುದು ಆಸೆ ಎಂದು ಬೇರೆ ಮಾಡುವುದೇ ಕಷ್ಟವಾಯಿತು ಎಂದಳು. ನಿಮಗೇನನ್ನಿಸುತ್ತದೆ ಎಂದು ಕೇಳಿದಳು. ಇದು ಚೆನ್ನಾಗಿದೆಯೋ, ಇದೋ ಎಂದು ಕೇಳುವ ದನಿಯಲ್ಲೇ ಕೇಳಿದಳು.

"ಹೋಗು ಅಂದ್ರೆ ಬಾಯಿಪಾಠ ಆಗುತ್ತೆ," ಎಂದ. "ನಂಗೆ ಭಯ. ಆ ಕಡೆ ನೀನಿಲ್ದಿದ್ರೆ ನಾನು ಒಳಗೆ ಯಾಕೆ ಕೂತಿದೀನಿ ಅಂತ ಗೊತ್ತಾಗಲ್ಲ. ಆದ್ರೆ ಅದಕ್ಕೋಸ್ಕರ ಹೋಗ್ಬೇಡ ಅನ್ನೋದೂ ಸರಿ ಅಲ್ಲ. ನೀನು ನೋಡಿ ಹೇಳು. ನೀನು ಏನು ಹೇಳಿದ್ರೂ ಈ ನಾಲ್ಕು ದಿನಕ್ಕಿಂತ ವಾಸಿ."

ಅವಳು ಫ್ರೇಮು ತೆಗೆದಳು. ಮೂಗಿನ ಮೇಲೆ ಎರಡು ಕೆಂಪು ಗುರುತು ಉಳಿದವು. ಆಯಿತು, ಒಳಗೆ ಹೋಗಿ, ಚೀಟಿ ಕಳಿಸುತ್ತೇನೆ ಎಂದಳು, ಬೇರೆ ಗಿರಾಕಿಗಳಿಗ್ಯಾರಿಗೂ ಹೇಳದ ಮಾತು. ಎದ್ದು ಹೋಗುವಾಗ ಫ್ರಿಜ್ಜಿನ ಮೇಲಿನ ಮೂರನೆಯ ಹೆಜ್ಜೆ ಏನೆಂದು ಅವನು ಕೇಳಿದ. ನನಗಂತೂ ಕಾಣಲಿಲ್ಲ ಎಂದ. ಎದುರಿನವರು ಮುಗಿಸುವವರೆಗೆ ಬಾಯಿ ಹಾಕಬೇಡಿ ಎಂದಿದೆ ಎಂದಳು. ಅವನು ತಲೆಯಾಡಿಸಿದ.

ಒಳಗೆ ಸ್ಟೂಲಿನ ಮೇಲೆ ಕೂತು ಮೇಜಿನ ಮೇಲಿನ ಚೀಟಿಗಳನ್ನು ಒಂದೊಂದಾಗಿ ಮೊಳೆಗೆ ಚುಚ್ಚತೊಡಗಿದ. ಸಾಸಿವೆಯಿಂದ ಗೋಲಿಯವರೆಗೆ, ಬಂದ ಕ್ರಮದಲ್ಲೇ. ಮತ್ತೆ ಜೇಬು ಸೇರಿದ್ದ ಮೇಸ್ತ್ರಿಯ ಚೀಟಿಯನ್ನೂ ತೆಗೆದು ಚುಚ್ಚಿದ, ಜೇಬು ಹಗುರಾಯಿತು. ಐದಕ್ಕೆ ಏಳು ನಿಮಿಷವಿದ್ದಾಗ ಆಚೆ ಅವಳು ಫೋನು ಎತ್ತಿಕೊಂಡದ್ದು ಕೇಳಿಸಿತು. ಅವನೇ ಎದ್ದು ಕಿಂಡಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಬೇಕಾದ್ದನ್ನು ಅವಳೇ ಹೇಳಲಿ, ಕದ್ದು ಕೇಳಿದ್ದು ಸಾಕು. ಮುಚ್ಚಿದ ಕಿಂಡಿಯ ಆಚೆ ಅವಳ ದನಿ ಏಳುತ್ತ ಇಳಿಯುತ್ತ ಇತ್ತು, ಒಂದು ಮಾತೂ ಬಿಡಿಸಿ ತಿಳಿಯುತ್ತಿರಲಿಲ್ಲ. ಒಂದು ಸಲ ನಕ್ಕಳು. ಯಾಕೆ ನಕ್ಕಳು? ಒಪ್ಪಿಕೊಳ್ಳುವಾಗಲೂ ಜನ ನಗುತ್ತಾರೆ, ಒಲ್ಲೆ ಎನ್ನುವಾಗಲೂ ನಗುತ್ತಾರೆ. ಉಜ್ಜಿ ಮುಗಿದಿದ್ದ ಗಾಜನ್ನೇ ಮತ್ತೆ ಎತ್ತಿಕೊಂಡು ಒರೆಸಿದ. ಫೋನು ಇಟ್ಟ ಸದ್ದಾಯಿತು. ಕುರ್ಚಿ ಸರಿಯಿತು. ಪೆನ್ನು ಕಾಗದದ ಮೇಲೆ ಓಡಿತು, ಬಹಳ ಹೊತ್ತು ಓಡಿತು, ಬರಿಯ ಎರಡು ನಂಬರಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಕಿಂಡಿ ತೆರೆದುಕೊಂಡು ಚೀಟಿ ಹಲಗೆಯ ಮೇಲೆ ಬಂದು ಕೂತಿತು. ಅವನು ಎತ್ತಿಕೊಂಡು ತೋಳು ಚಾಚಿ, ತಕ್ಷಣ ನಾಚಿಕೊಂಡು ತೋಳು ಮಡಿಸಿದ. ಕದ್ದ ಕನ್ನಡಕವನ್ನು ಈಗ ಬಾಗಿಲ ಕಡೆ ನೋಡದೆಯೇ ಹಾಕಿಕೊಂಡು ಕಿಟಕಿಯ ಬಳಿಗೆ ಹೋದ. ನೀಲಿ ಶಾಯಿ. ತೆಳು ಮೊನೆ. ಸಾಸಿವೆ ಕಾಳಿನಂಥ ಅಕ್ಷರ, ಗೆರೆಯ ಮೇಲೆ ನೆಟ್ಟಗೆ, ಹದಿನಾಲ್ಕು ತಿಂಗಳ ಹಿಂದೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ. ಬಲಗಣ್ಣು, ಎಡಗಣ್ಣು, ಎರಡಕ್ಕೂ ಓದುವ ನಂಬರು. ಮತ್ತೆ ಪರೀಕ್ಷೆ: ಒಂದು ವರ್ಷ ಬಿಟ್ಟು, ಇದೇ ಕುರ್ಚಿಯಲ್ಲಿ. ಅದರ ಕೆಳಗೆ, ವಿಶೇಷ ಸೂಚನೆ ಎಂಬಲ್ಲಿ, ಇನ್ನೂ ಸಣ್ಣದಾಗಿ: ಬುಧವಾರ ಮಾತ್ರ ಡಾಕ್ಟ್ರಮ್ಮ ಆಸ್ಪತ್ರೆಗೆ ಹೋಗುತ್ತಾರೆ, ಅವತ್ತು ಒಳಗಿನವರು ಹೊರಗೆ ಕೂರಬೇಕು. ಅವನು ಅದನ್ನು ಎರಡು ಸಲ ಓದಿದ. ಕಣ್ಣಿಗೆ ನೀರು ಬಂದು ಮೂರನೆಯ ಸಲ ಓದಲಾಗಲಿಲ್ಲ.

ಕಿಂಡಿಯ ಹಲಗೆಯ ಮೇಲೆ ಪೆನ್ನು ಬಡಿಯಿತು. ಸ್ವಲ್ಪ ತಡೆದು ಇನ್ನೊಂದು ಸಲ.

"ರೀ, ಬಂತು ನೋಡಿ."

"ಕಾಣಿಸ್ತು," ಎಂದ ಅವನು.